ನಾಲ್ಕು ಮಾತು, ಮೂರು ಏಟು

ಡಿಪೋದಲ್ಲಿ ಅವನನ್ನು ಎಲ್ಲರೂ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವನು. ಹಾರ್ನಿನ ಮೇಲೆ ಅಂಗೈ ಊರಿದನೆಂದರೆ ಮುಂದಿದ್ದವರು ಹಿಂತಿರುಗಿ ನೋಡಲೇಬೇಕು. ನೋಡಿದರೋ, ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರ ಮೂರು ತಲೆಮಾರನ್ನು ಜಾಲಾಡಿಬಿಡುತ್ತಿದ್ದ. ಬೈಯುವುದರಲ್ಲಿ ಅವನಿಗೆ ಒಂದು ಹದ ಸಿದ್ಧಿಸಿತ್ತು. ಬೇರೆ ಡ್ರೈವರುಗಳು ಟೀ ಕುಡಿಯುತ್ತ ಆ ದಿನದ ಅವನ ಬೈಗುಳಗಳನ್ನು ಒಬ್ಬರಿಗೊಬ್ಬರು ಒಪ್ಪಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಬಾಯಿ ಕೆಟ್ಟದ್ದು, ಮನಸ್ಸು ಮಾತ್ರ ಚಿನ್ನ" ಎನ್ನುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿದ್ದ.

ಮನೆಯಲ್ಲಿ ಪಿಂಗಾಣಿ ತಟ್ಟೆಗಳು ಒಂದೊಂದಾಗಿ ಚೂರಾಗಿ ಅವುಗಳ ಜಾಗಕ್ಕೆ ಸ್ಟೀಲು ಬಂದಿತ್ತು. ಅಡುಗೆಮನೆಯ ಬಾಗಿಲಿನ ಕೆಳಗೆ ಅವನ ಬೂಟಿನ ಅಳತೆಯ ಒಂದು ತಗ್ಗು. ಹೆಂಡತಿಯ ಎಡಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಒಂದು ದಿನ ಸಿಟ್ಟಿನಲ್ಲಿ ಬೀರುವಿನ ಬಾಗಿಲು ಬಡಿದಾಗ ಅವಳ ಕೈ ಅಲ್ಲಿತ್ತು, ಅವನು ನೋಡಿರಲಿಲ್ಲ. ನೋಡಿರಲಿಲ್ಲ, ನೋಡಿರಲಿಲ್ಲ ಎಂದು ಅವನು ಎಷ್ಟು ಸಲ ಹೇಳಿದನೆಂದರೆ, ಕೊನೆಗೆ ಬ್ಯಾಂಡೇಜು ಸುತ್ತಿದ ಕೈಯಿಂದಲೇ ಅವಳು ಅವನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು. ಇಷ್ಟೆಲ್ಲ ಇದ್ದರೂ ಅವನಿಗೊಂದು ಹೆಮ್ಮೆಯಿತ್ತು. "ಇವತ್ತಿನವರೆಗೂ ಒಬ್ಬರ ಮೇಲೂ ಕೈ ಎತ್ತಿದವನಲ್ಲ ನಾನು" ಎನ್ನುತ್ತಿದ್ದ. ಅದು ನಿಜವೂ ಆಗಿತ್ತು.

ಭಾನುವಾರದ ಪೂಜೆಯನ್ನು ಅವನು ತಪ್ಪಿಸುತ್ತಿರಲಿಲ್ಲ. ಚರ್ಚಿನಲ್ಲಿ ಬಲಗಡೆಯ ಮೂರನೇ ಬೆಂಚು ಅವನದು. ಹಾಡಿದರೆ ಅವನ ದಪ್ಪ ದನಿ ಹಿಂದಿನ ಬಾಗಿಲಿನವರೆಗೂ ಕೇಳುತ್ತಿತ್ತು. ತಿಂಗಳಿಗೊಮ್ಮೆ ಪಾಪನಿವೇದನೆಗೆ ಮಂಡಿಯೂರಿ, "ಕೋಪ ಬರುತ್ತೆ ಫಾದರ್" ಎಂದು ಒಂದೇ ಮಾತು ಹೇಳುತ್ತಿದ್ದ. ಏನಾಯಿತು, ಯಾರ ಮೇಲೆ, ಆ ದಿನ ಹೆಂಡತಿ ಊಟ ಮಾಡಿದಳೋ ಇಲ್ಲವೋ, ಇದ್ಯಾವುದೂ ಆ ಒಂದು ಮಾತಿನಲ್ಲಿ ಇರುತ್ತಿರಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಕೊಟ್ಟ ಪ್ರಾರ್ಥನೆ ಮುಗಿಸಿ, ಸ್ನಾನ ಮಾಡಿದವನಂತೆ ಹಗುರಾಗಿ ಹೊರಗೆ ಬರುತ್ತಿದ್ದ.

ಅವನ ಬಸ್ಸಿನ ಕಂಡಕ್ಟರ್ ಹೆಂಡತಿಯ ತಮ್ಮ. ಒಂಬತ್ತು ವರ್ಷ ಭಾವ, ಭಾವಮೈದುನ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದರು. ಮದುವೆಯಾಗದ ಆಳು, ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು, ಮುದುಕಿಯರಿಗೆ ಸೀಟು ಕೊಡಿಸುವುದರಲ್ಲಿ ಎತ್ತಿದ ಕೈ. ಡ್ರೈವರಿನ ಕತ್ತು ಕೆಂಪಾಗುತ್ತಿರುವುದು ಹಿಂದಿನ ಸೀಟಿನಿಂದಲೇ ಅವನಿಗೆ ಗೊತ್ತಾಗುತ್ತಿತ್ತು. ಜನರ ನಡುವೆ ನುಸುಳಿಕೊಂಡು ಬಂದು, "ಭಾವ, ನೀರು ಕುಡೀರಿ" ಎಂದು ಬಾಟಲಿ ಹಿಡಿಯುತ್ತಿದ್ದ. ಬೈಸಿಕೊಂಡವರ ಬಳಿ ಕೆಳಗಿಳಿದು ಹೋಗಿ ಕೈಮುಗಿದು, ಏನೋ ಒಂದು ತಮಾಷೆ ಮಾಡಿ ನಗಿಸಿ ಬರುತ್ತಿದ್ದ. ಕೋಪ ಭಾವನದು, ಅದಕ್ಕೆ ಮೂಗುದಾರ ಹಾಕುವ ಕೆಲಸ ಭಾವಮೈದುನನದು. ಹೀಗೇ ನಡೆದುಕೊಂಡು ಬಂದಿತ್ತು.

ಆ ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರು. ಚಪ್ಪಲಿ ಅಂಗಡಿಯ ಮುಂದಿನ ಬಸ್ ಸ್ಟಾಪಿನಲ್ಲಿ, ಬಸ್ಸು ನಿಲ್ಲಬೇಕಾದ ಜಾಗದಲ್ಲಿ ಒಂದು ಬೂದು ಬಣ್ಣದ ಕಾರು ನಿಂತಿತ್ತು. ಬಸ್ಸನ್ನು ಪಕ್ಕಕ್ಕೆ ತೆಗೆದುಕೊಳ್ಳುವಾಗ ಕಾರಿನ ಕನ್ನಡಿಗೆ ತಗುಲಿತು. ಕನ್ನಡಿ ಒಡೆಯಲೂ ಇಲ್ಲ, ಮಡಚಿಕೊಂಡಿತು ಅಷ್ಟೆ. ಕಾರಿನಿಂದ ಒಬ್ಬ ಇಳಿದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ಯಾವುದೋ ಆಫೀಸಿನ ಗುಮಾಸ್ತನ ಹಾಗಿದ್ದ. ಕಾರಿನೊಳಗೆ ಅವನ ವಯಸ್ಸಾದ ತಾಯಿ ಕುಳಿತಿದ್ದಳು. ಅವನು ಕನ್ನಡಿ ಸರಿಮಾಡಿಕೊಂಡು, "ಏನ್ರೀ, ಕಣ್ಣು ಕಾಣಲ್ವಾ?" ಎಂದ.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಡ್ರೈವರ್ ಕಿಟಕಿಯಿಂದ ಬಗ್ಗಿ, ಕಾರಿನಲ್ಲಿ ಕುಳಿತಿದ್ದ ಆ ತಾಯಿಯನ್ನು ಬೆರಳು ಮಾಡಿ ತೋರಿಸಿ ನಾಲ್ಕು ಮಾತು ಆಡಿದ. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೇಳುವಾಗ ಅವನಿಗೆ ಹಿತವೆನಿಸಿತು, ತುರಿಸುವಲ್ಲಿ ಉಗುರು ತಾಗಿದ ಹಾಗೆ.

ಆ ಮನುಷ್ಯ ಕಾರಿನೊಳಗಿದ್ದ ತಾಯಿಯ ಕಡೆ ನೋಡಿದ. ಆಮೇಲೆ ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದ. ಅಷ್ಟರಲ್ಲಿ ಭಾವಮೈದುನ ಎಂದಿನಂತೆ ಮುಂಬಾಗಿಲಿನಿಂದ ಇಳಿದು, ಎರಡೂ ಕೈ ಜೋಡಿಸಿ, "ಸಾರ್, ತಪ್ಪಾಯ್ತು ಬಿಡಿ ಸಾರ್, ಅವರಿಗೆ ಬಿಪಿ" ಎಂದು ನಗುತ್ತ ಹೋಗುತ್ತಿದ್ದ. ಡಿಕ್ಕಿಯಿಂದ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆ ಹೊರಬಂದದ್ದನ್ನು ಮೊದಲು ನೋಡಿದ್ದು ಡ್ರೈವರ್. ನೋಡಿದವನು ಸ್ವಿಚ್ಚು ಒತ್ತಿದ. ಬುಸ್ ಎಂದು ಗಾಳಿ ಬಿಟ್ಟುಕೊಂಡು ಬಾಗಿಲು ಮುಚ್ಚಿತು.

ಮೊದಲ ಏಟು ಭುಜಕ್ಕೆ ಬಿತ್ತು. ಭಾವಮೈದುನ ತಿರುಗಿ ಓಡಿಬಂದು ಬಾಗಿಲಿನ ಗಾಜಿಗೆ ಅಂಗೈಯಿಂದ ತಟ್ಟಿದ. ಒಂದು ಸಲ, ಎರಡು ಸಲ. "ಭಾವ, ಬಾಗಿಲು" ಎಂದ. ಡ್ರೈವರಿನ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ತೆರೆದರೆ ಸಲಾಕೆಯವನೂ ಒಳಗೆ ಬರುತ್ತಾನೆ ಎಂದುಕೊಂಡ. ಅವನು ಒತ್ತಲಿಲ್ಲ. ಎರಡನೆಯ ಏಟೂ ಮೂರನೆಯ ಏಟೂ ತಲೆಗೆ ಬಿದ್ದವು. ಹೊಡೆದವನು ಸಲಾಕೆ ಕೆಳಗಿಟ್ಟು, ಫುಟ್‌ಪಾತಿನ ಅಂಚಿನಲ್ಲಿ ಕುಳಿತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಚಪ್ಪಲಿ ಅಂಗಡಿಯವರನ್ನು ಕುಡಿಯಲು ನೀರು ಕೇಳಿದ. ಬಸ್ಸಿನೊಳಗೆ ನಲವತ್ತು ಜನರಿದ್ದರು. ಹತ್ತು ಹನ್ನೆರಡು ಫೋನುಗಳು ಗಾಜಿಗೆ ಅಂಟಿಕೊಂಡಿದ್ದವು.

ಪೊಲೀಸರ ಮುಂದೆ ಡ್ರೈವರ್ ಹೇಳಿಕೆ ಕೊಟ್ಟ. "ಕನ್ನಡಿಗೆ ತಾಗಿತು ಸಾರ್. ಕಾರಣವೇ ಇಲ್ಲದೆ ಬಂದು ಹೊಡೆದ" ಎಂದ. ಫೋನಿನ ಚಿತ್ರಗಳಲ್ಲಿ ಏಟುಗಳಿದ್ದವು, ಅದಕ್ಕೆ ಮುಂಚಿನದು ಇರಲಿಲ್ಲ; ಯಾರೂ ಬೈಗುಳ ಕೇಳಿ ಫೋನು ತೆಗೆಯುವುದಿಲ್ಲವಲ್ಲ. ಮುಂದಿನ ಸೀಟುಗಳಲ್ಲಿ ಕುಳಿತು ಕೇಳಿಸಿಕೊಂಡವರು ಸಾಕ್ಷಿ ಹೇಳುವ ಉಸಾಬರಿ ಬೇಡವೆಂದು ಪೊಲೀಸರು ಬರುವ ಮೊದಲೇ ಇಳಿದು ಹೋಗಿದ್ದರು. ಕಾರಣವಿಲ್ಲದ ಕೊಲೆ ಎಂದು ಪೇಪರಿನಲ್ಲಿ ಬಂತು. ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಫಾದರ್ ಕೂಡ ಹಾಗೇ ಹೇಳಿದರು. ಧರ್ಮಗ್ರಂಥದಲ್ಲಿ ಹೊಲಕ್ಕೆ ಕರೆದೊಯ್ದು ತಮ್ಮನನ್ನು ಕೊಂದ ಆ ಮೊದಲ ಅಣ್ಣನಿಗಾದರೂ ಹೊಟ್ಟೆಕಿಚ್ಚು ಎಂಬ ಕಾರಣವಿತ್ತು, ಇದಕ್ಕೆ ಅದೂ ಇಲ್ಲ ಎಂದರು. ಮೂರನೇ ಬೆಂಚಿನಲ್ಲಿ ಕುಳಿತಿದ್ದ ಡ್ರೈವರಿಗೆ ಆ ಮಾತು ಕೇಳಿ ಎದೆ ತಣ್ಣಗಾಯಿತು. ಆಮೇಲೆ ಎದ್ದುಹೋಗಿ ಎಲ್ಲರೊಂದಿಗೆ ಪರಮಪ್ರಸಾದ ಸ್ವೀಕರಿಸಿದ.

ಅಂದಿನಿಂದ ಅವನು ಮೆತ್ತಗಾದ. ಬಸ್ಸಿನಲ್ಲಿ ಹಾರ್ನು ಮುಟ್ಟುತ್ತಿರಲಿಲ್ಲ, ಮನೆಯಲ್ಲಿ ದನಿ ಏರಿಸುತ್ತಿರಲಿಲ್ಲ. ದುಃಖ ಅವನನ್ನು ಪಳಗಿಸಿತು ಎಂದರು ಜನ. ಅತ್ತೆ ಅವರ ಜೊತೆಯಲ್ಲೇ ಇದ್ದಳು, ಕಿವಿ ಮಂದ. ಊಟಕ್ಕೆ ಕೂತಾಗಲೆಲ್ಲ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿ, "ನನ್ನ ಮಗನ ಕೊನೇ ಉಸಿರು ನೋಡಿದವರು ನೀವೊಬ್ಬರೇ ಅಳಿಯಂದ್ರೇ" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ.

ಸಿಟ್ಟೆಲ್ಲ ಈಗ ಹೆಂಡತಿಯ ಪಾಲಿಗೆ ಬಂದಿತ್ತು. ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವವಳು. ಜನ್ಮದಲ್ಲಿ ಒಬ್ಬರಿಗೆ ಎದುರಾಡದವಳು ಸೂಪರ್‌ವೈಸರ್ ಹೆಂಗಸಿನ ಮುಖಕ್ಕೆ ಬಟ್ಟೆ ಎಸೆದಳು. ಪೇಪರಿನಲ್ಲಿ ಬಂದ ಕೊಲೆಗಾರನ ಫೋಟೋ ಕತ್ತರಿಸಿ ಇಟ್ಟುಕೊಂಡು, ಮಷೀನಿನ ಸೂಜಿಗೆ ಅವನ ಕಣ್ಣುಗಳನ್ನು ಕೊಟ್ಟಳು. ಕಣ್ಣಿದ್ದ ಜಾಗ ಜರಡಿಯಾಗುವವರೆಗೆ ಹೊಲಿದಳು. ಕೋರ್ಟು ಅವನಿಗೆ ಜೀವಾವಧಿ ಕೊಟ್ಟಾಗ, "ಇಷ್ಟೇನಾ? ಇಷ್ಟಿಷ್ಟೇ ಕತ್ತರಿಸಬೇಕಿತ್ತು" ಎಂದಳು. ಆ ದನಿ ಕೇಳಿ ಡ್ರೈವರ್ ಎದ್ದು ಹೊರಗೆ ಹೋದ.

ಫಾದರ್ ಅವಳನ್ನು ಶನಿವಾರದ ಕೂಟಕ್ಕೆ ಕರೆದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಜೆ ಐದಕ್ಕೆ ಎಂಟು ಹತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದುಂಡಗೆ ಕೂರುತ್ತಿದ್ದರು. ಹೆಂಡತಿಗೆ ಹೊಡೆಯುವವನು, ಮಗುವನ್ನು ಬರೆ ಬರುವಂತೆ ಬಡಿದ ತಾಯಿ, ಅಣ್ಣನ ಜೊತೆ ಮಾತು ಬಿಟ್ಟವನು, ಎಲ್ಲ ಸಿಟ್ಟಿನ ಗಿರಾಕಿಗಳೇ. ಫಾದರ್ ಉದ್ದುದ್ದ ಬೋಧಿಸುವವರಲ್ಲ. "ಕೋಪ ಬರೋದು ದೊಡ್ಡ ಮಾತಲ್ಲ. ಬಂದ ಕೋಪಕ್ಕೆ ಕುರ್ಚಿ ಹಾಕಿ ಕೂರಿಸ್ತೀವಲ್ಲ, ಪಾಪ ಅಲ್ಲಿಂದ ಶುರು" ಎನ್ನುತ್ತಿದ್ದರು. "ಕೊಲೆ ಕೈಯಲ್ಲಿ ಹುಟ್ಟಲ್ಲ, ಅದಕ್ಕಿಂತ ಮುಂಚೆ ನಾಲಿಗೆಯಲ್ಲಿ, ಅದಕ್ಕೂ ಮುಂಚೆ ಎದೆಯಲ್ಲಿ ಹುಟ್ಟುತ್ತೆ. ಪ್ರಭು ಕೋಪವನ್ನೂ ಕೊಲೆಯನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ." ಹೆಂಡತಿ ಮನೆಗೆ ಬಂದು ಇವನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು. "ನೀವೂ ಬನ್ನಿ" ಎಂದರೆ, "ನನಗೀಗ ಕೋಪವೇ ಬರಲ್ವಲ್ಲ" ಎನ್ನುತ್ತಿದ್ದ.

ಕೊಂದವನ ಹೆಸರು ಹಿಡಿದು ದಿನವೂ ಬೆಳಗ್ಗೆ ಪ್ರಾರ್ಥಿಸಬೇಕೆಂದು ಫಾದರ್ ಅವಳಿಗೆ ಹೇಳಿದರು. "ಅವನು ಹುಳ ಬಿದ್ದು ಸಾಯಲಿ ಅಂತಷ್ಟೇ ಬಾಯಿಗೆ ಬರುತ್ತೆ ಫಾದರ್" ಎಂದಳು. "ಅದನ್ನೇ ದೇವರಿಗೆ ಹೇಳಿ. ಸುಳ್ಳು ಪ್ರಾರ್ಥನೆಗಿಂತ ವಾಸಿ" ಎಂದರು. ಎರಡು ತಿಂಗಳು ಅವಳು ಅದನ್ನೇ ಹೇಳಿದಳು. ಮೂರನೆಯ ತಿಂಗಳು ಹೆಸರು ಹೇಳಿ ಸುಮ್ಮನಾಗತೊಡಗಿದಳು. ಆರನೆಯ ತಿಂಗಳಲ್ಲಿ ಒಂದು ದಿನ, ಜೈಲಿನಲ್ಲಿ ಅವನಿಗೆ ನಿದ್ದೆ ಬರುತ್ತದೋ ಇಲ್ಲವೋ ಎಂಬ ಯೋಚನೆ ತಾನಾಗಿ ಬಂತಂತೆ. ಹಾಗೆ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಗಳಗಳ ಅತ್ತಳು.

ಇನ್ನೂ ಕೆಲವು ತಿಂಗಳಾದ ಮೇಲೆ, ಒಗೆದ ಬಟ್ಟೆ ಮಡಚುತ್ತ, "ನಾನು ಜೈಲಿಗೆ ಹೋಗಿ ಆ ಮನುಷ್ಯನನ್ನ ನೋಡಿ ಬರ್ತೀನಿ. ಫಾದರ್ ಎಲ್ಲಾ ಮಾತಾಡಿದ್ದಾರೆ" ಎಂದಳು.

ಡ್ರೈವರ್ ಕುಳಿತಿದ್ದ ಕುರ್ಚಿಯನ್ನೇ ಎತ್ತಿ ಗೋಡೆಗೆ ಬಡಿದ. "ತಮ್ಮನ್ನ ಕೊಂದವನ ಮುಖ ನೋಡೋಕೆ ಹೋಗ್ತೀಯಾ? ನಾಚಿಕೆ ಆಗಲ್ವಾ ನಿನಗೆ?" ಎಂದು ಮನೆ ಹಾರಿಹೋಗುವಂತೆ ಕೂಗಿದ. ಕುರ್ಚಿಯ ಕಾಲು ಮುರಿದು ಮಂಚದ ಕೆಳಗೆ ಹೋಯಿತು. ತಮ್ಮ ಸತ್ತಂದಿನಿಂದ ಕಾಣದಿದ್ದ ಗಂಡನನ್ನು ಹೆಂಡತಿ ಅಚ್ಚರಿಯಿಂದ ನೋಡಿದಳು. ಮರುದಿನ ಬೆಳಗ್ಗೆ ಫಾದರ್ ಜೊತೆ ಹೊರಟುಹೋದಳು.

ಹಿಂತಿರುಗಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಅವನು ರಜೆ ಹಾಕಿ ಮನೆಯಲ್ಲೇ ಇದ್ದ. ಅವಳು ಚಪ್ಪಲಿ ಬಿಟ್ಟು, ಮುಖ ತೊಳೆದು, ಟವೆಲಿನಿಂದ ಒರೆಸಿಕೊಂಡು ಎದುರಿಗೆ ಬಂದು ನಿಂತಳು.

"ಅವನೇನೂ ಸಬೂಬು ಹೇಳಲಿಲ್ಲ" ಎಂದಳು. "ಕಾಲಿಗೆ ಬಿದ್ದ. ನಾನೇ ಕೇಳಿದೆ, ಕಾರಣ ಇಲ್ಲದೆ ಯಾಕೆ ಹೊಡೆದೆ ಅಂತ. ಹೇಳೋದಕ್ಕೆ ಹಿಂದೆಮುಂದೆ ನೋಡಿದ, ಬಾಯಲ್ಲಿ ಹೇಳೋ ಮಾತಲ್ಲ ಅಂತ ಕೋರ್ಟಲ್ಲೂ ಹೇಳಿರಲಿಲ್ಲವಂತೆ. ಬಲವಂತ ಮಾಡಿ ಕೇಳಿದೆ."

ಡ್ರೈವರ್ ಗೋಡೆಯ ಕಡೆ ನೋಡಿದ.

"ಅವರಮ್ಮನ್ನ ಏನಂದೆ ನೀನು?"

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಬಾಯಿ ತಪ್ಪಿ..."

"ಅದು ಹೋಗಲಿ. ತಮ್ಮ ಬಾಗಿಲು ತಟ್ಟಿದನಂತೆ. ಭಾವ ಅಂತ ಕರೆದನಂತೆ. ಕೊಂದವನಿಗೆ ಕೇಳಿಸಿದೆ ಅದು. ನಿನಗೆ ಕೇಳಿಸಲಿಲ್ವಾ?"

"ಕೇಳಿಸ್ತು."

ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೂಲೆಗಿಟ್ಟಳು. "ಕೊಂದವನನ್ನ ಕ್ಷಮಿಸೋಕೆ ನನಗೆ ಒಂದು ವರ್ಷ ಹಿಡೀತು. ಪ್ರತಿದಿನ ಕಲ್ಲು ಹೊತ್ತ ಹಾಗೆ ಹೊತ್ತೆ. ಇನ್ನೊಬ್ಬನನ್ನ ಹೊರೋ ಶಕ್ತಿ ಇಲ್ಲ ನನಗೆ" ಎಂದಳು. "ಹೋಗು. ಅಮ್ಮನಿಗೆ ನೀನೇ ಹೇಳು."

ಅತ್ತೆ ಹಿತ್ತಲಿನ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದಳು. ಅವನು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ತಗ್ಗಿದ ದನಿಯಲ್ಲಿ ಹೇಳಿದ. ಅವಳಿಗೆ ಕೇಳಿಸಲಿಲ್ಲ. "ಏನಂದ್ರಿ ಅಳಿಯಂದ್ರೇ?" ಎಂದು ಕಿವಿಗೆ ಕೈ ಇಟ್ಟಳು. ಇನ್ನೊಮ್ಮೆ ಹೇಳಿದ. ಕಾರಿನಲ್ಲಿದ್ದ ತಾಯಿಯನ್ನು ಬೈದದ್ದು, ಬಾಗಿಲು ಮುಚ್ಚಿದ್ದು, ತಟ್ಟಿದ್ದು, ತೆರೆಯದೇ ಇದ್ದದ್ದು, ಎಲ್ಲ ಹೇಳಿದ. "ಅದಲ್ಲ. ಆ ಹೆಂಗಸಿಗೆ ಏನಂದ್ರಿ?" ಎಂದಳು. ಅವನು ಆ ನಾಲ್ಕು ಮಾತನ್ನು ಅತ್ತೆಯ ಮುಖದೆದುರು ಹೇಳಬೇಕಾಯಿತು. "ಗಟ್ಟಿಯಾಗಿ ಹೇಳಿ" ಎಂದಳು. ಪಕ್ಕದ ಮನೆಯ ಹೆಂಗಸು ಬಟ್ಟೆ ಹರವುವುದನ್ನು ನಿಲ್ಲಿಸುವಷ್ಟು ಗಟ್ಟಿಯಾಗಿ ಹೇಳಿದ.

ಮುದುಕಿ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಕೆಳಗೆ ಹಾಕಿದಳು. "ಇಷ್ಟಕ್ಕಾ?" ಎಂದಳು. ಆಮೇಲೆ ಸುಲಿದ ಬಟಾಣಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವನು ಕೂತ ಕಡೆ ಅವಳು ಕೂರಲಿಲ್ಲ. ನಾಲ್ಕು ತಿಂಗಳ ನಂತರ ಸಾಯುವಾಗಲೂ, ಹತ್ತಿರ ಬಂದ ಅಳಿಯನನ್ನು ಕೈಸನ್ನೆ ಮಾಡಿ ಹೊರಗೆ ಕಳಿಸಿದಳು.

ಫಾದರ್ ಬಳಿ ಈ ಸಲ ಅವನು ಒಂದು ಮಾತಿನಲ್ಲಿ ಮುಗಿಸಲಿಲ್ಲ. ಮುಕ್ಕಾಲು ಗಂಟೆ ಮಂಡಿಯೂರಿದ್ದ. "ಬರೀ ಪ್ರಾರ್ಥನೆ ಹೇಳಿ ಎದ್ದುಹೋಗೋ ಪಾಪ ಅಲ್ಲ ಇದು" ಎಂದರು ಫಾದರ್. "ಸುಳ್ಳು ಹೇಳಿದ ಕಡೆ ಹೋಗಿ ನಿಜ ಹೇಳಿ. ಬೈದ ಕಡೆ ಹೋಗಿ ಕ್ಷಮೆ ಕೇಳಿ. ದೇವರ ಹತ್ತಿರ ಆಮೇಲೆ ಬನ್ನಿ."

ಅವನು ವಕೀಲರ ಮೂಲಕ ಕೋರ್ಟಿಗೆ ಬರೆದುಕೊಟ್ಟ. ಅಪೀಲಿನಲ್ಲಿ ಕೊಂದವನ ಶಿಕ್ಷೆ ಹತ್ತು ವರ್ಷಕ್ಕೆ ಇಳಿಯಿತು. ಸುಳ್ಳು ಹೇಳಿಕೆ ಕೊಟ್ಟವನೆಂದು ಡ್ರೈವರನ್ನು ಸ್ಟಿಯರಿಂಗ್‌ನಿಂದ ಇಳಿಸಿ ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಅವನ ಬೈಗುಳಗಳನ್ನು ಹೇಳಿಕೊಂಡು ನಗುತ್ತಿದ್ದವರು ಈಗ ಟೀ ಲೋಟ ಹಿಡಿದು ಬೇರೆ ಬೆಂಚಿಗೆ ಹೋಗುತ್ತಿದ್ದರು. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆಂದು ಅವನು ಎಲ್ಲೋ ಕೇಳಿದ್ದ. ಅವನಿಗೆ ಹಾಗೇನೂ ಆಗಲಿಲ್ಲ.

ಇನ್ನು ಉಳಿದದ್ದು ಆ ತಾಯಿ. ಒಂದು ಭಾನುವಾರ ಮಧ್ಯಾಹ್ನ ಅವನೊಬ್ಬನೇ ವಿಳಾಸ ಹುಡುಕಿಕೊಂಡು ಹೋದ. ಮೂರನೇ ಮಹಡಿ, ಇಕ್ಕಟ್ಟಾದ ಮನೆ. ಮುದುಕಿ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ನೋಡಿದಳು. ಅವನು ತಾನು ಯಾರೆಂದು ಹೇಳಿದ. "ಅವತ್ತು ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದೆ, ಅಮ್ಮ. ತಪ್ಪಾಯ್ತು. ಅದಕ್ಕೇ ಬಂದೆ" ಎಂದ.

"ನನ್ನನ್ನಾ?" ಎಂದಳು.

"ಹೌದು. ಕಿಟಕಿಯಿಂದ."

"ನನಗೇನೂ ಕೇಳಿಸಲಿಲ್ಲಪ್ಪ. ಗಾಜು ಏರಿಸಿತ್ತು. ಎಸಿ ಹಾಕಿದ್ದ ಮಗ" ಎಂದಳು. "ಏನೋ ಅಂದ್ರು ಅಂತ ಕೋರ್ಟಲ್ಲಿ ಹೇಳಿದ್ರಂತೆ. ಏನು ಅಂತ ಯಾರೂ ನನಗೆ ಹೇಳಲಿಲ್ಲ. ಹೇಳಬೇಡ. ಈ ವಯಸ್ಸಲ್ಲಿ ಅದೊಂದು ಕೇಳಿಸ್ಕೊಂಡು ನಾನೇನು ಮಾಡಲಿ?"

ಬಾಗಿಲು ಮುಚ್ಚಿಕೊಂಡಿತು. ಅವನು ಮೆಟ್ಟಿಲಿಳಿಯುತ್ತ ಎರಡನೇ ಮಹಡಿಯ ತಿರುವಿನಲ್ಲಿ ಕುಳಿತುಬಿಟ್ಟ. ಯಾರಿಗೆಂದು ಆಡಿದನೋ ಅವಳ ಕಿವಿಗೇ ಬೀಳದ ಮಾತಿಗೆ ಒಬ್ಬ ಮಣ್ಣಾಗಿದ್ದ, ಒಬ್ಬ ಜೈಲಿನಲ್ಲಿದ್ದ.

ಶನಿವಾರದ ಕೂಟಕ್ಕೆ ಅವನು ಹೋಗತೊಡಗಿದ್ದು ಅದಾದ ಮೇಲೆ. ಹೆಂಡತಿ ಮನೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡಿ ಅವನ ಪಾಲು ಮುಚ್ಚಿಡುತ್ತಿದ್ದಳು, ಬಡಿಸುತ್ತಿರಲಿಲ್ಲ. ಕೂಟಕ್ಕೂ ಅವನಿಗಿಂತ ಹತ್ತು ನಿಮಿಷ ಮುಂಚೆ ಹೊರಟು, ಎದುರು ಬದಿಯ ಕುರ್ಚಿಯಲ್ಲಿ ಕೂರುತ್ತಿದ್ದಳು.

ಒಂದು ಗುರುವಾರ ಡಿಪೋದಲ್ಲಿ ಅವನು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೆಸರು ಕೆರೆಯುತ್ತಿದ್ದ. ಹೊಸ ಡ್ರೈವರೊಬ್ಬ ಬಸ್ಸು ಹಿಂದಕ್ಕೆ ತೆಗೆಯುವಾಗ ಗ್ರೀಸು ಕಲಸಿದ ನೀರು ಅವನ ಮುಖಕ್ಕೆ ರಾಚಿತು. "ಏಯ್ ಮುದುಕ, ಅಡ್ಡ ಕೂತ್ಕೋತೀಯಾ?" ಎಂದು ಆ ಡ್ರೈವರೇ ಮೇಲಿಂದ ಗದರಿಸಿದ. ಬೈಗುಳ ಎಲ್ಲೂ ಹೋಗಿರಲಿಲ್ಲ. ಪೂರ್ತಿ ಬೆಂದು ತಯಾರಾಗಿ, ಬಿಸಿಬಿಸಿಯಾಗಿ ನಾಲಿಗೆಯ ತುದಿಗೆ ಬಂತು. ಆ ಡ್ರೈವರಿನ ಅಪ್ಪ, ಅಮ್ಮ, ಎಲ್ಲರೂ ಅದರಲ್ಲಿದ್ದರು. ಅವನು ಹಲ್ಲು ಕಚ್ಚಿ ಹಿಡಿದ. ದವಡೆ ನೋಯುವವರೆಗೆ ಹಿಡಿದ. ಎದ್ದು ನೀರಿನ ತೊಟ್ಟಿಯ ಹಿಂದಕ್ಕೆ ಹೋಗಿ, ಗೋಡೆಗೆ ಹಣೆ ಒತ್ತಿ, ಭಾವಮೈದುನನ ಹೆಸರನ್ನೂ ಜೈಲಿನಲ್ಲಿರುವವನ ಹೆಸರನ್ನೂ ಒಂದರ ಹಿಂದೊಂದು ಹೇಳಿಕೊಂಡ. ಆಮೇಲೆ ಬಂದು ಉಳಿದ ಚಕ್ರಗಳನ್ನು ತೊಳೆದ.

ಆ ಶನಿವಾರ ತನ್ನ ಸರದಿ ಬಂದಾಗ, "ಈ ವಾರ ಒಂದು ಸಲ ಬಾಯಿ ಮುಚ್ಚಿದೆ" ಎಂದ. ಪಕ್ಕದಲ್ಲಿದ್ದವರು ಒಳ್ಳೆಯದಾಯಿತೆಂಬಂತೆ ತಲೆಯಾಡಿಸಿದರು.

ಎದುರು ಬದಿಯಿಂದ ಹೆಂಡತಿ, ದನಿಯೇರಿಸದೆ, "ನನ್ನ ತಮ್ಮ ಇದ್ದಾಗಲೇ ಮುಚ್ಚಬಹುದಿತ್ತು" ಎಂದಳು.

ಅವನು "ಹೌದು" ಎಂದ. ಫಾದರ್ ಮುಂದಿನ ಕುರ್ಚಿಯವರ ಕಡೆಗೆ ತಿರುಗಿದರು.